ತಗ್ಗು ತುಂಬಿದವನು

ಹುಡುಗಿಯ ಕೈಯನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಹಿಡಿದುಕೊಂಡಿದ್ದೇನೆಂದು ಪಾರೀಸನಿಗೆ ಗೊತ್ತಾದದ್ದು ಅವಳ ತಾಯಿ ಕೆಮ್ಮಿದಾಗ. ತಟ್ಟನೆ ಬಿಟ್ಟ. ಹುಡುಗಿ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಬೆನ್ನ ಹಿಂದೆ ಇಟ್ಟುಕೊಂಡಳು. ಕಾಜಲ ಎಂದು ಹೆಸರು, ಹದಿನೈದು ವರ್ಷ, ಗಡಹಿಂಗ್ಲಜದ ಹತ್ತಿರದ ನೂಲ ಎಂಬ ಊರಿನವಳು. ಬೆಳಗಿನ ಮೊದಲ ಬಸ್ಸು ಹಿಡಿದು ತಾಯಿ ಮಗಳಿಬ್ಬರೂ ಇಚಲಕರಂಜಿಗೆ ಬಂದು, ಅಲ್ಲಿನ ಶಹಾಪುರ ಭಾಗದ ಮಗ್ಗದ ಶೆಡ್ಡುಗಳ ನಡುವೆ ನಾಲ್ಕು ಕಡೆ ಕೇಳಿಕೊಂಡು ಅವನ ಬಾಗಿಲಿಗೆ ಮುಟ್ಟಿದ್ದರು. ತಾಯಿ ಹಾಲವ್ವ ಸೆರಗು ಬಿಗಿದುಕೊಂಡು, "ಅಳತಿ ತಗೊಂಡ್ರೇನ್ರಿ?" ಎಂದು ಕೇಳಿದಳು. "ತಗೊಂಡ್ನಿ," ಎಂದ ಪಾರೀಸ. ಅದು ಸುಳ್ಳು. ಅವನು ಅಳತೆ ತೆಗೆದುಕೊಂಡೇ ಇರಲಿಲ್ಲ. ಹುಡುಗಿಯ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ, ಕೈಯ ಮೇಲ್ಭಾಗದಲ್ಲಿ, ಮಾಂಸ ತುಂಬಿಕೊಂಡಿದೆಯೋ ಇಲ್ಲವೋ ಎಂದು ಒತ್ತಿ ಒತ್ತಿ ನೋಡುತ್ತಿದ್ದ. ಎರಡೂ ಬೆರಳಿನ ತುದಿ ಕೂಡಿಸು ಎಂದಿದ್ದ, ಕಾಗದ ಹಿಡಿ ಎಂದಿದ್ದ, ಎಳೆದಿದ್ದ, ಮತ್ತೆ ಹಿಡಿ ಎಂದಿದ್ದ. ಟಗರಿನ ಕೊಂಬು ಹಿಡಿದು ನಿಲ್ಲಿಸುವವರ ಮನೆಯ ಕೈ ಅದು, ಕಲಸಿದ ಹಿಟ್ಟಿನ ಉಂಡೆಯ ಹಾಗೆ ತುಂಬಿಕೊಂಡಿತ್ತು. ಆದರೂ ಅವನಿಗೆ ನಂಬಿಕೆ ಬಂದಿರಲಿಲ್ಲ. ನಿಮ್ಮ ಮಗಳ ಕೈ ನೆಟ್ಟಗಿದೆಯೋ ಇಲ್ಲವೋ ಎಂದು ನೋಡುತ್ತಿದ್ದೆ ಎಂದು ಆ ಹೆಂಗಸಿಗೆ ಹೇಳಬೇಕೆನಿಸಿತು. ನೆಟ್ಟಗಿರದೆ ಏನಾಗಿದೆ ಎಂದು ಅವಳು ಕೇಳಿದರೆ? ನಲವತ್ತು ದಾಟಿದ ಗಂಡಸು ಹುಡುಗಿಯ ಕೈ ಹಿಡಿದು ಕೂತಿದ್ದ ಎಂಬುದಷ್ಟೇ ಅವಳ ಕಣ್ಣಲ್ಲಿತ್ತು. ಅದನ್ನು ನುಂಗಿಕೊಂಡು ಅವನು ಒಳಗೆ ಕೂಗಿದ: "ಅವ್ವಾ, ಹಿಟ್ಟ ಕಲಸಿ ತಗೊಂಬಾ."

ತಾಯಿ ರತ್ನಮಾಲಾ ಗೋಧಿ ಹಿಟ್ಟಿನ ಮುದ್ದೆ ತಂದು ಕೊಟ್ಟಳು. ಗುರಿ ಸ್ಪರ್ಧೆಯ ಪಿಸ್ತೂಲು ಹಿಡಿಯುವಂತೆ ಇದನ್ನು ಹಿಡಿ ಎಂದು ಅವನು ಹುಡುಗಿಗೆ ಹೇಳಿದ. ಹಿಂದೆಲ್ಲ ಇದೇ ಅವನ ರೀತಿಯಾಗಿತ್ತು. ಹಿಡಿದ ಮುದ್ದೆಯಲ್ಲಿ ಬೆರಳು ಎಲ್ಲಿ ಆಳ ಹೋಗಿದೆ, ಅಂಗೈ ಎಲ್ಲಿ ತಾಗಿಲ್ಲ ಎಂಬುದು ಕಾಣುತ್ತದೆ. ಅದನ್ನು ನೋಡಿ ಪಿಸ್ತೂಲಿನ ಹಿಡಿಕೆಯಲ್ಲಿ, ಗ್ರಿಪ್ಪಿನಲ್ಲಿ, ಎಲ್ಲಿ ಅರದಿಂದ ಉಜ್ಜಬೇಕು, ಎಲ್ಲಿ ಗಟ್ಟಿಯಾಗುವ ಪುಟ್ಟಿ ತುಂಬಬೇಕು ಎಂದು ಅವನು ಗುರುತು ಮಾಡುತ್ತಿದ್ದ. ಕೊನೆಗೆ ಮುದ್ದೆಯನ್ನು ರತ್ನಮಾಲಾ ಓಣಿಯ ಆಕಳಿಗೆ ಹಾಕುತ್ತಿದ್ದಳು. ಜೈನರ ಮನೆಯಲ್ಲಿ ಪಿಸ್ತೂಲು ಯಾಕೆ ಎಂದು ಮೊದಮೊದಲು ಜಗಳಾಡಿದವಳೇ ಅವಳು. "ಕಾಗದಕ್ಕ ಹೊಡೀತಾರವ್ವಾ, ಜೀವಕ್ಕಲ್ಲ," ಎಂದು ಆಗ ಅವನು ವಾದಿಸಿದ್ದ. ಇವತ್ತು ಅವಳು ಮುದ್ದೆ ಕೊಟ್ಟವಳೇ ಒಳಗೆ ಹೋದಳು. ವರ್ಷದಿಂದ ಅವನು ಯಾರ ಗ್ರಿಪ್ಪನ್ನೂ ಮುಟ್ಟಿರಲಿಲ್ಲ. ಕೊಲ್ಹಾಪುರದಿಂದ ಬಂದವರನ್ನೆಲ್ಲ ಕೈನೋವೆಂದು ಹೇಳಿ ತಿರುಗಿ ಕಳಿಸಿದ್ದ. ಈ ಹುಡುಗಿಯನ್ನೂ ಕಳಿಸುತ್ತಿದ್ದ. ಆದರೆ ನಿನ್ನೆ ಫೋನು ಬಂದಿತ್ತು. "ಅಣ್ಣಾ, ನಮ್ಮ ಸಾಲಿ ಹುಡುಗಿ ಒಬ್ಬಾಕಿ ಬರ್ತಾಳ. ಚೊಲೋ ಹೊಡೀತಾಳ. ನೀನ ಮಾಡಿ ಕೊಡು. ಬ್ಯಾರೆದವರಿಗೆ ಆಗೂದಿಲ್ಲ," ಎಂದಿದ್ದಳು ಪ್ರಿಯದರ್ಶನಿ. ಅವನ ತಂಗಿ, ಅವನಿಗಿಂತ ಹದಿನಾಲ್ಕು ವರ್ಷ ಚಿಕ್ಕವಳು. ಅವಳ ದನಿಯಲ್ಲಿ ಎಲ್ಲೂ ಮುಳ್ಳಿರಲಿಲ್ಲ. ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು.

ಹುಡುಗಿ ಚೀಲದಿಂದ ಟವೆಲ್ಲು ಸುತ್ತಿದ ಪೆಟ್ಟಿಗೆ ತೆಗೆದು ಮುಚ್ಚಳ ಬಿಚ್ಚಿದಳು. ಗ್ರಿಪ್ಪು ಕಾಣಿಸಿದ್ದೇ ತಡ ಪಾರೀಸ ಸ್ಟೂಲಿನ ಅಂಚು ಹಿಡಿದುಕೊಂಡ. ಕಪ್ಪು ಪಾಲಿಮರ್ರಿನ ಮೇಲೆ ಅವನದೇ ಕೈಯ ಅರದ ಗೀರುಗಳು, ಅವನೇ ಬಿಸಿ ಮೊಳೆಯಿಂದ ಒತ್ತಿದ ಸಣ್ಣ ಸಣ್ಣ ಚುಕ್ಕಿಗಳು. "ಇದು..." ಎಂದ.

"ಮ್ಯಾಡಮ್‌ ಅವರದ್ರಿ. ನನಗ ಕೊಟ್ಟಾರ್ರಿ," ಎಂದಳು ಕಾಜಲ. "ಇನ್ನ ನನಗ ಇದರ ಕೆಲಸಾ ಇಲ್ಲ ಅಂದ್ರು."

"ಬ್ಯಾಡಂದ್ರೂ ಕೇಳಲಿಲ್ಲ ನೋಡ್ರಿ," ಹಾಲವ್ವ ಈಗ ಸ್ವಲ್ಪ ಮೆತ್ತಗಾಗಿ ಹೇಳಿದಳು. "ಭಾಳ ದೊಡ್ಡ ಮನಸಿನವ್ರ. ನಿಮ್ಮ ತಂಗೀನ ಅಂತಲ್ರಿ? ನಮ್ಮಣ್ಣನ ಕೈ ಅಂದ್ರ ಕೈ ಅಂತ ಹೇಳ್ತಿರ್ತಾರ."

ರವಿವಾರ ನಾನೇ ಗಡಹಿಂಗ್ಲಜಕ್ಕೆ ತಂದು ಕೊಡುತ್ತೇನೆ ಎಂದು ಹೇಳಿ ಪಾರೀಸ ಅವರನ್ನು ಕಳಿಸಿದ. ಯಾಕೆ ಹಾಗೆ ಹೇಳಿದೆನೆಂದು ಅವರು ಓಣಿಯ ತಿರುವು ದಾಟಿದ ಮೇಲೂ ಅವನಿಗೆ ತಿಳಿಯಲಿಲ್ಲ.

ಗ್ರಿಪ್ಪನ್ನು ಬಿಚ್ಚಿ ಸಣ್ಣ ಶಿಕಂಜಿಯ ಕಬ್ಬಿಣದ ದವಡೆಗಳ ನಡುವೆ ಇಟ್ಟು ಬಿಗಿದ. ಆಚೆಯ ಶೆಡ್ಡಿನಲ್ಲಿ ಮಗ್ಗಗಳು ಬಡಿಯುತ್ತಿದ್ದವು. ಹುಟ್ಟಿದಾಗಿನಿಂದ ಕೇಳಿದ ಸದ್ದಾದ್ದರಿಂದ ಅದು ನಿಂತಾಗ ಮಾತ್ರ ಅವನ ಕಿವಿಗೆ ಬೀಳುತ್ತಿತ್ತು. ಅಪ್ಪ ಇದೇ ಶಿಕಂಜಿಯಲ್ಲಿ ಮಗ್ಗದ ಲಾಳಿಗಳನ್ನು ತಿದ್ದುತ್ತಿದ್ದ. ಅಪ್ಪ ಹೋದಾಗ ಪ್ರಿಯದರ್ಶನಿಗೆ ಒಂಬತ್ತು. ಅವಳನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಶಾಲೆಗೆ ಬಿಟ್ಟವನು ಇವನು, ಕಾಲೇಜಿನ ಶಿಬಿರದಲ್ಲಿ ಅವಳು ಗುರಿ ಹೊಡೆದದ್ದು ಕೇಳಿ ಕೊಲ್ಹಾಪುರದ ಶೂಟಿಂಗ್ ರೇಂಜಿಗೆ ಸೇರಿಸಿದವನೂ ಇವನೇ. ಪಿಸ್ತೂಲು ಬೇರೆಯವರು ಬಳಸಿ ಬಿಟ್ಟದ್ದು, ಅವಳ ಕೈಗೆ ದೊಡ್ಡದು. ಬೆರಳು ಗುಂಡು ಹಾರಿಸುವ ಕುದುರೆಗೆ ಅರ್ಧ ಮಾತ್ರ ಮುಟ್ಟುತ್ತಿತ್ತು, ಅಂಗೈ ಜಾರುತ್ತಿತ್ತು. ಅವನು ಹಿಂಬದಿ ತೆಳ್ಳಗೆ ಮಾಡಿದ, ಬೆರಳಿಗೆ ಜಾಗ ಕೊರೆದ, ಅಂಗೈಯ ಬುಡಕ್ಕೆ ಆಸರೆಯಾಗಿ ಒಂದು ದಂಡೆ ಕಟ್ಟಿದ. ಮೊದಲು ಆ ದಂಡೆ ಸಡಿಲವಿತ್ತು. ಕೈ ಅಲುಗುತ್ತದೆ ಎಂದಳು. ಬಿಗಿ ಮಾಡಿದ. ಇನ್ನೂ ಸ್ವಲ್ಪ ಎಂದಳು. ಕೂದಲು ತೂರದಷ್ಟು ಬಿಗಿ ಮಾಡಿದ. ಅವಳ ಅಂಕ ಏರಿತು. ಕೈಗವಸಿನ ಹಾಗೆ ಕೂತಿದೆ ಎಂದು ರೇಂಜಿನಲ್ಲಿ ಒಬ್ಬರ ಕೈಯಿಂದ ಒಬ್ಬರ ಕೈಗೆ ಗ್ರಿಪ್ಪು ತಿರುಗಿತು. ಕುಣೀ ಕೇಲಂ, ಯಾರು ಮಾಡಿದ್ದು, ಎಂದು ಕೇಳಿದರು. ಲಾಳಿ ತಿದ್ದುವವನನ್ನು ಇಂಥ ಜಾಗದಲ್ಲಿ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವನು ಹೊಸ ಅಂಗಿ ಹಾಕಿಕೊಂಡು ರೇಂಜಿಗೆ ಹೋಗತೊಡಗಿದ. ತಂಗಿ ಹೊಡೆಯುವಾಗ ಅವಳ ಮುಖ ನೋಡುತ್ತಿರಲಿಲ್ಲ, ಗುರಿಯ ಕಾಗದವನ್ನೂ ನೋಡುತ್ತಿರಲಿಲ್ಲ. ಗ್ರಿಪ್ಪನ್ನೇ ನೋಡುತ್ತಿದ್ದ. ಅದು ಈಗ ನೆನಪಾಗುತ್ತದೆ.

ಅರ ಎಳೆದ. ಕಾಜಲಳ ಕೈ ತುಂಬಿದ ಕೈ, ಆದ್ದರಿಂದ ಹೆಬ್ಬೆರಳಿನ ಸಂದಿಯಲ್ಲಿ ತುಂಬಿದ ಪುಟ್ಟಿಯೆಲ್ಲ ಹೋಗಬೇಕು. ನಾಲ್ಕು ಎಳೆತಕ್ಕೆ ಮೇಲಿನ ಬಣ್ಣ ಹೋಗಿ ಬೂದು ಕಾಣಿಸಿತು. ಇನ್ನೊಂದಿಷ್ಟು ಎಳೆದಾಗ ಬೂದಿನ ಅಂಚಿನಲ್ಲಿ ಹಳದಿ ಮಿಶ್ರಿತ ಪದರು. ಅದರ ಕೆಳಗೆ ಮತ್ತೆ ಬೂದು, ಆದರೆ ಬೇರೆ ಬೂದು. ಅದರ ಕೆಳಗೆ ಇನ್ನೊಂದು. ಪುಟ್ಟಿಯನ್ನು ಪ್ರತಿಸಲ ಕೈಯಿಂದ ಕಲಸಿದ್ದರಿಂದ ಒಂದು ಸಲದ ಬಣ್ಣ ಇನ್ನೊಂದಕ್ಕೆ ಕೂಡಿರಲಿಲ್ಲ. ಅವನು ಅರ ಕೆಳಗಿಟ್ಟು ಉಗುರಿನಿಂದ ಎಣಿಸಿದ. ನಾಲ್ಕು. ಒಂದೇ ಸಲ ತುಂಬಿದೆ, ಅದೂ ಗೊತ್ತಿಲ್ಲದೆ ತುಂಬಿದೆ, ಎಂದು ವರ್ಷದಿಂದ ಒಳಗೊಳಗೆ ಹೇಳಿಕೊಳ್ಳುತ್ತ ಬಂದಿದ್ದ. ಎಷ್ಟು ಸಲ ಹೇಳಿಕೊಂಡಿದ್ದನೆಂದರೆ ಅದೇ ನಿಜವೆಂದು ಅನಿಸಿಬಿಟ್ಟಿತ್ತು.

ತಳದ ಮೊದಲ ಪದರು ಭಾದ್ರಪದದಲ್ಲಿ ಬರುವ ಜೈನರ ದಶಲಕ್ಷಣ ಪರ್ವದ್ದು. ಪ್ರಿಯದರ್ಶನಿ ಆ ವರ್ಷ ಹತ್ತೂ ದಿನ ಏಕಾಶನ ಹಿಡಿದಿದ್ದಳು, ದಿನಕ್ಕೆ ಒಂದೇ ಊಟ. "ಅಣ್ಣಾ, ಇಲ್ಲಿ ಸಡ್ಲ ಆಗೇತಿ," ಎಂದು ಗ್ರಿಪ್ಪು ತಂದಳು. ಅವಳ ಕೈ ಹಿಡಿದು ನೋಡಿದ. ಹೆಬ್ಬೆರಳು ತೋರುಬೆರಳಿನ ನಡುವೆ ಸಣ್ಣ ತಗ್ಗು ಬಿದ್ದಿತ್ತು, ಹುಣಸೆ ಬೀಜ ಇಟ್ಟರೆ ನಿಲ್ಲುವಷ್ಟು. ಉಪವಾಸಕ್ಕೆ ಸೊರಗಿದೆ ಅಂದುಕೊಂಡು ಪುಟ್ಟಿ ಕಲಸಿ ತುಂಬಿದ. ತಿಂಗಳ ಮೇಲೆ ಮತ್ತೆ ಸಡಿಲವಾಯಿತು. ಪರ್ವ ಮುಗಿದು, ಅವಳು ಹೊಟ್ಟೆ ತುಂಬ ಉಣ್ಣುತ್ತಿದ್ದ ದಿನಗಳು. ತಗ್ಗು ದೊಡ್ಡದಾಗಿತ್ತು. ತುಂಬಿದ. ನೋವಿಲ್ಲ, ಆದರೆ ಕೈ ಸೋತಂತಾಗುತ್ತದೆ, ಒಮ್ಮೆ ಕೊಲ್ಹಾಪುರದಲ್ಲಿ ತೋರಿಸಿಕೊಂಡು ಬರಲೇ ಎಂದು ಅವಳು ಕೇಳಿದಳು. "ಟೀಮಿನ ಸೆಲೆಕ್ಷನ್ ಮುಗೀಲಿ. ಈಗ ದವಾಖಾನಿಗೆ ಹೋದ್ರ ಹೊಡೀಬ್ಯಾಡ ಅಂತಾರ," ಎಂದ. ಮೂರನೆಯ ಸಲ ತುಂಬಿದ ವಾರ ಅವಳ ಅಂಕ ಕುಸಿದವು. ರೇಂಜಿನಿಂದ ವಾಪಸು ಬರುವಾಗ ಬಸ್ಸಿನಲ್ಲಿ, ಜನರೆದುರು, "ಮನಸ್ಸ ಎಲ್ಲೈತಿ ನಿಂದು? ಯಾವನರ ಗಂಟ ಬಿದ್ದಾನೇನ?" ಎಂದು ಕೇಳಿದ್ದ. ಮುಂದಿನ ಸೀಟಿನ ಮುದುಕ ತಿರುಗಿ ಅವಳನ್ನು ನೋಡಿದ. ಅವಳು ಕಿಟಕಿಗೆ ಮುಖ ತಿರುಗಿಸಿಕೊಂಡು ಹಾತಕಣಗಲೆ ಬರುವ ತನಕ ಹಾಗೇ ಕೂತಳು. ಮನೆಗೆ ಬಂದು, "ಇಲ್ಲಣ್ಣಾ, ಯಾರೂ ಇಲ್ಲ," ಎಂದಳು. ಅದನ್ನು ಹೇಳುವಾಗ ಚಪ್ಪಲಿಯ ಬೆಲ್ಟು ಬಿಚ್ಚಲು ಬಾರದೆ ಎಡಗೈ ಹಚ್ಚಿದ್ದಳು. ಅದನ್ನೂ ಅವನು ನೋಡಿದ್ದ. ಆಮೇಲೆ ನಾಲ್ಕನೆಯ ಸಲ.

ಜನವರಿಯಲ್ಲಿ ಮಗಳು ಅಂಗಿಯ ಗುಂಡಿ ಹಾಕಲಾರದ್ದನ್ನು ರತ್ನಮಾಲಾ ಕಂಡು, ಅವಳೇ ಹಟ ಮಾಡಿ ಅಣ್ಣ ತಂಗಿ ಇಬ್ಬರನ್ನೂ ಕೊಲ್ಹಾಪುರಕ್ಕೆ ಕರೆದುಕೊಂಡು ಹೋದಳು. ಡಾಕ್ಟರು ವಯಸ್ಸಾದ ಹೆಂಗಸು, ಕನ್ನಡಕ ಮೂಗಿನ ತುದಿಗೆ. ಅಂಗೈಯ ಬುಡದ ಒಂದು ಜಾಗಕ್ಕೆ ಪೆನ್ನಿನ ತುದಿ ಇಟ್ಟು, ಇಲ್ಲಿ ದಿನವೂ ಏನು ಒತ್ತುತ್ತದೆ ಎಂದು ಕೇಳಿದಳು. ಪಿಸ್ತೂಲಿನ ಗ್ರಿಪ್ಪು ಎಂದಳು ಪ್ರಿಯದರ್ಶನಿ. ಒಳಗಿನ ನರ ನಜ್ಜಾಗಿದೆ, ಅದು ಬರಿ ಬಲ ಕೊಡುವ ನರ, ಅದಕ್ಕೇ ನೋವು ಬಂದಿಲ್ಲ, ಮಾಂಸ ಒಣಗುತ್ತ ಹೋಗಿದೆ ಎಂದು ಡಾಕ್ಟರು ಮರಾಠಿಯಲ್ಲಿ ನಿಧಾನಕ್ಕೆ ತಿಳಿಸಿ ಹೇಳಿದಳು. ತಗ್ಗು ಬೀಳತೊಡಗಿದಾಗಲೇ ಹಿಡಿಯುವುದು ಬಿಟ್ಟಿದ್ದರೆ ತಾನಾಗಿ ತುಂಬಿಕೊಳ್ಳುತ್ತಿತ್ತಂತೆ. ಈಗ ಕೊಯ್ದು ನರ ಬಿಡಿಸಬಹುದು, ಎಷ್ಟು ತಿರುಗಿ ಬರುತ್ತದೋ ಹೇಳಲಾಗದು. ಆಮೇಲೆ ಕನ್ನಡಕದ ಮೇಲಿಂದ ಮೂವರನ್ನೂ ನೋಡಿ ಕೇಳಿದಳು: ಇಷ್ಟು ದೊಡ್ಡ ತಗ್ಗು, ಮನೆಯಲ್ಲಿ ಯಾರಿಗೂ ಕಾಣಲಿಲ್ಲವೇ? ಪಾರೀಸ ಬಾಯಿ ತೆರೆದ. ಅವನಿಗಿಂತ ಮೊದಲು ಪ್ರಿಯದರ್ಶನಿ ಹೇಳಿದಳು, ಸ್ವಲ್ಪ ಸಿಟ್ಟಿನಿಂದಲೇ: ಅಣ್ಣನಿಗೆ ಕಂಡಿದ್ದರೆ ಹೇಳದೆ ಇರುತ್ತಿದ್ದನೇ? ಡಾಕ್ಟರು ತಲೆಯಾಡಿಸಿ ಬರೆಯತೊಡಗಿದಳು. ತೆರೆದ ಬಾಯಿಯನ್ನು ಅವನು ಮುಚ್ಚಿಕೊಂಡ. ಅಷ್ಟೇ ನಡೆದದ್ದು. ಒಂದು ಮಾತಿನ ಹೊತ್ತು ತಡವಾಯಿತು, ಆಮೇಲೆ ಒಂದು ದಿನ, ಆಮೇಲೆ ಫೆಬ್ರುವರಿಯ ಆಪರೇಶನ್ನು, ಅದರಿಂದ ಏನೂ ಆಗಲಿಲ್ಲವೆಂದು ತಿಳಿದ ಏಪ್ರಿಲ್ಲು. ಜೂನಿನಲ್ಲಿ ಅವಳು ಗಡಹಿಂಗ್ಲಜದ ಶಾಲೆಯೊಂದರಲ್ಲಿ ಆಟದ ಶಿಕ್ಷಕಿಯಾಗಿ ಹೋದಳು. ಹಬ್ಬಕ್ಕೆ ಬಂದಾಗ ಎಡಗೈಯಿಂದ ಊಟ ಮಾಡುತ್ತ, "ಇದೂ ರೂಢಿ ಆಗಾಕತ್ತೇತಿ ಬಿಡು," ಎಂದು ಅವನನ್ನೇ ಸಮಾಧಾನ ಮಾಡುತ್ತಿದ್ದಳು.

ರವಿವಾರ ಬಸ್ಸು ನಿಪ್ಪಾಣಿ ದಾಟುವ ಹೊತ್ತಿಗೆ ಎರಡು ಸಲ ನಿಂತಿತು. ಕಬ್ಬಿನ ಸೀಜನ್ನು, ಟ್ರಾಲಿಗಳು ರಸ್ತೆಯ ತುಂಬ. ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಪಾರೀಸ ಹೇಳಬೇಕಾದ್ದನ್ನು ಜೋಡಿಸಿಕೊಳ್ಳುತ್ತಿದ್ದ. ಉಪವಾಸದಿಂದ ಮೊದಲು ಮಾಡಲೇ? ಅದು ನೆಪದ ಹಾಗೆ ಕೇಳುತ್ತದೆ. ನಾಲ್ಕು ಸಲ ಎಂದು ಮೊದಲೇ ಹೇಳಿಬಿಡಲೇ? ಹೇಳಿದ ಮೇಲೆ ಅವಳು ಅಳುತ್ತಾಳೆ, ಬೈಯುತ್ತಾಳೆ, ಹೊಡೆದರೂ ಹೊಡೆಯಲಿ, ಎಡಗೈಯಿಂದಲಾದರೂ. ಅದಾದ ಮೇಲೆ ಇಬ್ಬರೂ ಕೂತು ಅಳಬಹುದು. ಅಲ್ಲಿಗೆ ಬಂದಾಗ ಅವನಿಗೆ ಒಂದು ಬಗೆಯ ಸುಖವಾಗುತ್ತಿತ್ತು, ಕಣ್ಣು ತುಂಬುತ್ತಿತ್ತು. ಪಕ್ಕದಲ್ಲಿ ಕೂತವನು ನೋಡುತ್ತಿದ್ದಾನೆಂದು ತಿಳಿದು ಮೂಗು ಒರೆಸಿಕೊಂಡ. ಹತ್ತು ಗಂಟೆ ಸುಮಾರಿಗೆ ಗಡಹಿಂಗ್ಲಜ ಬಂತು.

ಶಾಲೆಯ ಹಳೆಯ ಗೋದಾಮನ್ನೇ ರೇಂಜು ಮಾಡಿದ್ದರು. ಹೊರಗಿನ ಕಟ್ಟೆಯ ಮೇಲೆ ಹಾಲವ್ವ ಕೂತಿದ್ದಳು. ಪ್ರಿಯದರ್ಶನಿ ಓಡುತ್ತ ಬಂದು ಅವನ ಚೀಲ ಇಸಿದುಕೊಂಡಳು. "ಸೊರಗೀಯಲ್ಲೋ ಅಣ್ಣಾ! ಅವ್ವ ಹ್ಯಾಂಗ ಅದಾಳ?" ಎಂದಳು. ಪೆಟ್ಟಿಗೆಯನ್ನು ಕಾಜಲಳ ಕೈಗೆ ಕೊಟ್ಟು, "ಮೊದಲ ಬರೇ ಹಿಡದ ನೋಡು, ಹೊಡೀಬ್ಯಾಡ," ಎಂದು ಹೇಳಿ ಅಣ್ಣನನ್ನು ಗೋದಾಮಿನ ಹಿಂದೆ ನೆರಳಿಗೆ ಕರೆದೊಯ್ದಳು. ಚಹಾದ ಫ್ಲಾಸ್ಕನ್ನು ಮೊಣಕಾಲುಗಳ ನಡುವೆ ಒತ್ತಿ ಹಿಡಿದು ಎಡಗೈಯಿಂದ ಕಪ್ಪಿನಂಥ ಮುಚ್ಚಳ ತಿರುವಿದಳು. ಅವನು ಸಹಾಯಕ್ಕೆ ಕೈ ಚಾಚಿದ. "ಇರು, ನನಗ ಬರ್ತೈತಿ," ಎಂದು ನಕ್ಕಳು. ಬಲಗೈ ಮಡಿಲಲ್ಲಿ ಬೇರೆಯವರ ಕೈಯ ಹಾಗೆ ಬಿದ್ದಿತ್ತು.

"ದರ್ಶಿ, ಒಂದ ಮಾತ ಹೇಳೂದಿತ್ತ."

"ಹೇಳು."

"ಆ ತಗ್ಗ ನನಗ ಕಂಡಿತ್ತ."

ಅವಳು ಚಹಾ ಬಗ್ಗಿಸುತ್ತಿದ್ದಳು. ಬಗ್ಗಿಸಿ ಮುಗಿಸಿದಳು. "ಯಾವ ತಗ್ಗ?" ಎಂದಳು. ಅಷ್ಟರಲ್ಲಿ ಅವಳಿಗೇ ತಿಳಿಯಿತು. ಫ್ಲಾಸ್ಕನ್ನು ಕಪ್ಪಿನ ಪಕ್ಕ ನೆಲದ ಮೇಲಿಟ್ಟಳು. "ಯಾವಾಗ?"

"ದಶಲಕ್ಷಣದಾಗ. ಉಪವಾಸಕ್ಕ ಸೊರಗೇತಿ ಅಂತ ತಿಳಕೊಂಡ್ನಿ. ಪುಟ್ಟಿ ತುಂಬಿದ್ನಿ. ನಾಕ ಸಲ ತುಂಬೇನಿ."

"ನಾಕೂ ಸಲ ಉಪವಾಸ ಅಂತ ತಿಳಕೊಂಡಿ?"

"ಮೊದಲನೇ ಸಲ ಅಷ್ಟ."

"ಆಮ್ಯಾಲ?"

"ಆಮ್ಯಾಲ..." ಬಸ್ಸಿನಲ್ಲಿ ಜೋಡಿಸಿಕೊಂಡ ಮಾತೊಂದೂ ಈಗ ಇರಲಿಲ್ಲ. "ಏನೋ ಆಗೇತಿ ಅಂತ ಗೊತ್ತಾತ. ಸೆಲೆಕ್ಷನ್ ಒಂದ ಆಗಲಿ ಅಂದ್ಕೊಂಡ್ನಿ."

ಗೋದಾಮಿನೊಳಗಿಂದ ಯಾರೋ ಹುಡುಗಿ ಹೊಡೆದ ಗುಂಡಿನ ಸಣ್ಣ ಸದ್ದು ಬಂತು, ಒಣ ಕಡ್ಡಿ ಮುರಿದ ಹಾಗೆ. ಪ್ರಿಯದರ್ಶನಿ ಎಡಗೈಯಿಂದ ಬಲಗೈಯನ್ನು ಎತ್ತಿ ದುಪಟ್ಟದ ಕೆಳಗೆ ಇಟ್ಟುಕೊಂಡಳು. ಅವಳು ಅಳಲಿಲ್ಲ. ಲೆಕ್ಕ ತಪ್ಪಿದ ಮಗು ಮತ್ತೆ ಮೊದಲಿನಿಂದ ಹೇಳುವ ಹಾಗೆ, ತಡೆದು ತಡೆದು ಮಾತಾಡಿದಳು. "ಇಷ್ಟ ದಿನ ಇದು ನನ್ನ ನಸೀಬ ಅಂತಿದ್ನಿ. ಯಾರಿಗೂ ಕಾಣಲಿಲ್ಲ. ಯಾರ ತಪ್ಪೂ ಅಲ್ಲ. ಅದೊಂದ ಹಿಡಕೊಂಡ ಈ ಊರಿಗೆ ಬಂದೇನಿ. ಉಣ್ಣಾಕತ್ತೇನಿ, ಹುಡುಗ್ಯಾರಿಗೆ ಕಲಿಸಾಕತ್ತೇನಿ. ಈಗ ಅದನ್ನೂ ಇಸಗೊಂಡ ಹೋಗಾಕ ಬಂದಿಯೇನ?"

"ಹೇಳದ ಇರಾಕ ಆಗಲಿಲ್ಲ ದರ್ಶಿ. ವರ್ಷಾತ, ಎದಿ ಮ್ಯಾಲ ಕಲ್ಲ ಇಟ್ಟಂಗ..."

"ಈಗ ಹಗರ ಆತೇನ?"

ಅದು ಚುಚ್ಚು ಮಾತಲ್ಲ. ಅವಳು ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದ್ದಳು. ಪಾರೀಸ ತನ್ನೊಳಗೆ ಹುಡುಕಿದ. ಹೌದು, ಹಗುರವಾಗಿತ್ತು. ಉಸಿರು ಸರಾಗವಾಗಿ ಒಳಗೆ ಹೋಗಿ ಬರುತ್ತಿತ್ತು. ಹಸಿವೆ ಕೂಡ ಆಗುತ್ತಿತ್ತು. ಎದುರಿಗೆ ಕೂತ ತಂಗಿಯ ಮುಖದಲ್ಲಿ ಹತ್ತು ನಿಮಿಷದ ಹಿಂದೆ ಓಡಿ ಬಂದವಳು ಎಲ್ಲೂ ಇರಲಿಲ್ಲ. ತಾನು ಇಳಿಸಿದ ಭಾರ ನೆಲಕ್ಕೆ ಬಿದ್ದಿಲ್ಲ ಎಂಬುದು ಅವನಿಗೆ ಆಗ ಕಾಣಿಸಿತು. ಇಲ್ಲ ಎನ್ನಬೇಕೆಂದುಕೊಂಡ. ಅಷ್ಟರೊಳಗೆ ಅವಳು ಅವನ ಮುಖ ನೋಡಿಯಾಗಿತ್ತು.

"ಡಾಕ್ಟರ ಮುಂದ ನಾ ಏನ ಹೇಳಿದ್ನಿ, ನೆನಪೈತಿ?" ಎಂದಳು. ಅವನು ತಲೆಯಾಡಿಸಿದ. "ಅವತ್ತ ನೀ ಹೇಳಿದ್ರ ಸಿಟ್ಟಾಗ್ತಿದ್ನಿ. ಒಂದ ತಿಂಗಳ ಮಾತಾಡ್ತಿರಲಿಲ್ಲ. ಆಮ್ಯಾಲ ಮಾತಾಡ್ತಿದ್ನಿ." ತಣ್ಣಗಾದ ಚಹಾವನ್ನು ಗೋಡೆಯ ಬುಡದ ಮಣ್ಣಿಗೆ ಚೆಲ್ಲಿ, ಕಪ್ಪನ್ನು ಫ್ಲಾಸ್ಕಿನ ಮೇಲೆ ಮುಚ್ಚಲು ನೋಡಿದಳು. ಅದು ವಾರೆಯಾಗಿ ಕೂತು ತಿರುಗಲಿಲ್ಲ. ಅವನು ಕೈ ಚಾಚಲಿಲ್ಲ. ಮೂರನೆಯ ಸಲಕ್ಕೆ ಕೂತಿತು.

"ಮ್ಯಾಡಮ್!" ಎಂದು ಕಾಜಲ ಒಳಗಿನಿಂದ ಕೂಗಿದಳು. ಪ್ರಿಯದರ್ಶನಿ ಎದ್ದು, ದುಪಟ್ಟದ ತುದಿಯಿಂದ ಮುಖ ಒರೆಸಿಕೊಂಡು ಹೋದಳು. ಪಾರೀಸ ಹಿಂದೆ ಹೋಗಿ ಬಾಗಿಲಲ್ಲಿ ನಿಂತ. ಒಳಗೆ ಐದಾರು ಹುಡುಗಿಯರು ಸಾಲಾಗಿ ನಿಂತಿದ್ದರು. ಕಾಜಲ ತೋಳು ಚಾಚಿ ಪಿಸ್ತೂಲು ಹಿಡಿದಿದ್ದಳು, ಮುಖದ ತುಂಬ ನಗೆ. "ಭಾಳ ಚೊಲೋ ಕುಂತೈತ್ರಿ ಮ್ಯಾಡಮ್! ನನ್ನ ಕೈಗೇ ಹುಟ್ಟಿದಂಗ ಆಗೇತ್ರಿ!" ಹಾಲವ್ವ ಕಟ್ಟೆಯಿಂದ ಎದ್ದು ಬಂದು, ಮಗಳ ನಗೆ ನೋಡಿ ತಾನೂ ನಕ್ಕಳು. ಪಾರೀಸನ ಕಡೆ ತಿರುಗಿ, "ದೇವ್ರ ನಿಮ್ಮ ಕೈ ತಣ್ಣಗ ಇಟ್ಟಿರಲ್ರಿ," ಎಂದಳು. ಅವನು ನೆಲ ನೋಡಿದ.

ಪ್ರಿಯದರ್ಶನಿ ಹುಡುಗಿಯ ಹಿಂದೆ ನಿಂತು ತೋಳಿನ ಎತ್ತರ ಸರಿಮಾಡಿದಳು. ಕತ್ತು ನೋಡಿದಳು, ಪಾದ ನೋಡಿದಳು. ಆಮೇಲೆ ಕಾಜಲಳ ಮುಷ್ಟಿಯ ಸುತ್ತ ಎಡಗೈಯ ಬೆರಳಾಡಿಸಿ, ಅಂಗೈಯ ಬುಡದ ದಂಡೆಯ ಹತ್ತಿರ ನಿಲ್ಲಿಸಿ, ಉಗುರು ತೂರಿಸಲು ನೋಡಿದಳು. ತೂರಲಿಲ್ಲ. "ಇಷ್ಟ ಗಟ್ಟಿ ಬ್ಯಾಡ," ಎಂದಳು.

"ಹಿಂಗ ಇದ್ರ ಅಲಗೂದಿಲ್ರಿ ಮ್ಯಾಡಮ್," ಕಾಜಲಳ ನಗೆ ಸ್ವಲ್ಪ ಇಳಿಯಿತು.

"ಅಲಗಲಿ. ಎರಡ ಅಂಕ ಕಡಿಮಿ ಬಂದ್ರ ಬರಲಿ." ಪಿಸ್ತೂಲನ್ನು ಅವಳ ಕೈಯಿಂದ ತೆಗೆದುಕೊಂಡು ಪ್ರಿಯದರ್ಶನಿ ಬಾಗಿಲ ತನಕ ಬಂದಳು. ಅದನ್ನು ಮುಂದೆ ಹಿಡಿದು, ಅವನ ಅಂಗಿಯ ಎರಡನೆಯ ಗುಂಡಿಯನ್ನು ನೋಡುತ್ತ ಹೇಳಿದಳು: "ಇಲ್ಲಿ ಸ್ವಲ್ಪ ತಗದ ಕೊಡ್ರಿ."

ಯಾರಿಗೆ ಹೇಳಿದಳೆಂದು ಪಾರೀಸ ತಿರುಗಿ ನೋಡಿದ. ಹಿಂದೆ ಅಂಗಳ ಖಾಲಿಯಿತ್ತು. ಮಾತು ಕಲಿತಂದಿನಿಂದ ಅವಳು ಅವನಿಗೆ ಒಮ್ಮೆಯೂ ‘ರಿ’ ಹಚ್ಚಿ ಮಾತಾಡಿರಲಿಲ್ಲ. ತುಂಟತನಕ್ಕೂ ಇಲ್ಲ, ಸಿಟ್ಟಿಗೂ ಇಲ್ಲ.

"ಹೌದ್ರಿ," ಎಂದ. "ತಗದ ಕೊಡ್ತೇನ್ರಿ."

ಹಾಲವ್ವ ಅವಸರದಿಂದ ಕಟ್ಟೆಯ ಧೂಳು ಜಾಡಿಸಿ, ಇಲ್ಲೇ ಕೂಡ್ರಿ ಎಂದಳು. ಅವನು ಕೂತು ಚೀಲದಿಂದ ಅರ ತೆಗೆದ. ಒಳಗೆ ಪ್ರಿಯದರ್ಶನಿ ಹುಡುಗಿಯರಿಗೆ ಉಸಿರು ಬಿಡುವುದನ್ನು ಹೇಳಿಕೊಡುತ್ತಿದ್ದಳು. ದನಿ ಸ್ಪಷ್ಟವಾಗಿತ್ತು, ಎಲ್ಲೂ ನಡುಗಲಿಲ್ಲ. ಎಷ್ಟು ತೆಗೆಯಬೇಕೆಂದು ಅವಳು ಹೇಳಿರಲಿಲ್ಲ. ಎದ್ದು ಹೋಗಿ ಕೇಳಬಹುದಿತ್ತು. ಕೇಳಿದರೆ ಇನ್ನೊಮ್ಮೆ ‘ರಿ’ ಹಚ್ಚಿಯೇ ಉತ್ತರ ಕೊಡುತ್ತಾಳೆ ಎಂದು ಹೆದರಿ, ಪಾರೀಸ ತಲೆ ತಗ್ಗಿಸಿ, ಅಂದಾಜಿನ ಮೇಲೆ ಅರ ಎಳೆಯತೊಡಗಿದ.